ರೆಸಿನ್ ಎರಕದಲ್ಲಿ ಬಣ್ಣದ ಸುಳಿ ಕೆಟ್ಟಾಗ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಕಪ್‌ನಲ್ಲಿದ್ದಾಗ ನೀಲಿ ನೀಲಿಯೇ, ಕೇಸರಿ ಕೇಸರಿಯೇ. ಮೋಲ್ಡ್ (ಅಚ್ಚು) ಬಿಡಿಸಿದಾಗ ಕೈಗೆ ಬಂದದ್ದು ಕಂದು ಬಣ್ಣದ ಒಂದು ಗಟ್ಟಿ. ರೆಸಿನ್‌ನಲ್ಲಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಪ್ಲಾಸ್ಟಿಕ್) ಎರಡು ಮೂರು ಬಣ್ಣ ಸೇರಿಸಿ ಸುಳಿ ಎಬ್ಬಿಸಲು ಹೊರಟವರಿಗೆ ಇದು ಒಂದಲ್ಲ ಒಂದು ದಿನ ಆಗಿಯೇ ಆಗುತ್ತದೆ. ಆಗ ಮೊದಲು ಬೈಸಿಕೊಳ್ಳುವುದು ಬಣ್ಣದ ಡಬ್ಬಿ. ಪಾಪ, ಅದರ ತಪ್ಪು ಕಡಿಮೆ. ಹೆಚ್ಚಿನ ಸಲ ತಪ್ಪಿರುವುದು ಹೊತ್ತು. ಸುರಿಯುವಾಗ ರೆಸಿನ್ ಎಷ್ಟು ಮಂದವಾಗಿತ್ತು? ಎಲ್ಲ ಕಪ್‌ಗಳೂ ಆ ಹೊತ್ತಿಗೆ ಒಂದೇ ಮಂದಕ್ಕೆ ಬಂದಿದ್ದವಾ? ಸುಳಿ ನಿಲ್ಲುವುದು ಈ ಎರಡರ ಮೇಲೆ. ಬಣ್ಣದ ಬಗ್ಗೆ ಆಮೇಲೆ ಯೋಚಿಸಬಹುದು.

ಇಲ್ಲಿ ಹೇಳುವುದು ಎಪಾಕ್ಸಿ ಮತ್ತು ಪಾಲಿಯುರೆಥೇನ್ ರೆಸಿನ್‌ಗಳ ಬಗ್ಗೆ. ಎರಡರ ನಡತೆ ಬೇರೆ. ಎಪಾಕ್ಸಿ ನಿಧಾನವಾಗಿ, ಹಂತ ಹಂತವಾಗಿ ಮಂದವಾಗುತ್ತದೆ. ಎರಕದ ಪಾಲಿಯುರೆಥೇನ್ ಕೊನೆಯವರೆಗೂ ತೆಳ್ಳಗೇ ಇದ್ದು, ಇದ್ದಕ್ಕಿದ್ದಂತೆ ಹಿಡಿದುಬಿಡುತ್ತದೆ. ಒಂದರಲ್ಲಿ ಕಲಿತ ಹೊತ್ತಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

ಕಪ್‌ಗಳನ್ನು ಎಸೆಯಬೇಡಿ

ಸುರಿದ ಮೇಲೆ ಪ್ರತಿ ಕಪ್‌ನ ತಳದಲ್ಲೂ ಒಂದಿಷ್ಟು ಉಳಿದಿರುತ್ತದೆ, ಅಲ್ವಾ? ದೋಷ ಹುಡುಕಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೋಲ್ಡ್‌ನಲ್ಲಿ ಎಲ್ಲ ಬಣ್ಣ ಕಲೆತು ಹೋಗಿರುತ್ತವೆ, ಯಾವುದು ಏನು ಮಾಡಿತು ಅಂತ ಹೇಳುವುದು ಕಷ್ಟ. ಕಪ್‌ನಲ್ಲಿ ಪ್ರತಿಯೊಂದೂ ಒಂಟಿಯಾಗಿ ಸಿಗುತ್ತದೆ. ಹಾಗಾಗಿ ಬೆರೆಸಿದ ಹೊತ್ತು ಮತ್ತು ಸುರಿದ ಹೊತ್ತನ್ನು ಕಪ್ ಮೇಲೆ ಮಾರ್ಕರ್‌ನಲ್ಲಿ ಬರೆದು, ಮೋಲ್ಡ್ ಪಕ್ಕದಲ್ಲೇ ಇಟ್ಟುಬಿಡಿ.

ಪೂರ್ತಿ ಗಟ್ಟಿಯಾದ ಮೇಲೆ ಕಪ್ ಹಿಂಡಿ ಒಳಗಿನ ಬಿಲ್ಲೆ ತೆಗೆಯಿರಿ. ಉಗುರಿನಿಂದ ಒತ್ತಿ ನೋಡಿ. ಒಂದು ಬಣ್ಣದ್ದು ಮಾತ್ರ ಮೆತ್ತಗಿದ್ದರೆ ತಪ್ಪು ಆ ಕಪ್‌ನದ್ದು. ಎಲ್ಲವೂ ಮೆತ್ತಗಿದ್ದರೆ ಅಳತೆ ಅಥವಾ ಚಳಿ. ಆಮೇಲೆ ಬಿಲ್ಲೆಯನ್ನು ಅರ್ಧಕ್ಕೆ ಕತ್ತರಿಸಿ ಅಂಚನ್ನು ನೋಡಿ. ತಳದಲ್ಲಿ ಗಾಢ, ಮೇಲೆ ತೆಳು ಬಣ್ಣ ಇದ್ದರೆ ಪಿಗ್ಮೆಂಟ್ (ಕರಗದ ಬಣ್ಣದ ಪುಡಿ) ಕೆಳಗೆ ಕೂತಿದೆ. ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದ್ದು ಮೋಲ್ಡ್‌ನಲ್ಲಿ ಮಾತ್ರ ರಾಡಿಯಾಗಿದ್ದರೆ, ಬಣ್ಣದ್ದೇನೂ ತಪ್ಪಿಲ್ಲ, ಸುರಿದ ರೀತಿ ನೋಡಬೇಕು. ಒಂದು ಎಚ್ಚರ: ತಳದಲ್ಲಿ ಉಳಿದ ತೆಳು ಪದರ ಮೋಲ್ಡ್‌ನ ದಪ್ಪ ತುಂಡಿಗಿಂತ ನಿಧಾನವಾಗಿ ಗಟ್ಟಿಯಾಗುತ್ತದೆ. ಅವಸರಪಟ್ಟು ಮರುದಿನವೇ "ಮೆತ್ತಗಿದೆ" ಅಂತ ತೀರ್ಪು ಕೊಡಬೇಡಿ. ಡಬ್ಬಿ ಮೇಲೆ ಬರೆದ ಪೂರ್ತಿ ಕ್ಯೂರ್ (ಗಟ್ಟಿಯಾಗುವ) ಸಮಯ ಕಾಯಿರಿ.

ಇನ್ನೊಂದು ಪ್ರಶ್ನೆ ನಿಮ್ಮನ್ನೇ ಕೇಳಿಕೊಳ್ಳಿ: ಸುಳಿ ಯಾವಾಗ ಕೆಟ್ಟಿತು? ಸುರಿಯುತ್ತಿದ್ದಂತೆಯೇ? ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಮಾಯವಾಯಿತೇ? ಅಥವಾ ಕತ್ತರಿಸಿ ಪಾಲಿಶ್ ಮಾಡಿದ ಮೇಲೆ ಗೊತ್ತಾಯಿತೇ? ಸುರಿದ ಕೂಡಲೇ ಒಂದು ಫೋಟೋ ತೆಗೆದಿಟ್ಟರೆ ಈ ಪ್ರಶ್ನೆಗೆ ಉತ್ತರ ಸುಲಭ. ಕೈಯಲ್ಲಿ ಗ್ಲೌಸ್ ಇದ್ದಾಗ ಫೋನ್ ಮುಟ್ಟುವುದು ಬೇಜಾರು, ನಿಜ. ಆದರೂ ತೆಗೆಯಿರಿ.

ಸುರಿಯುತ್ತಿದ್ದಂತೆಯೇ ರಾಡಿಯಾದರೆ

ರೆಸಿನ್ ತೀರಾ ತೆಳ್ಳಗಿತ್ತು ಅಂತ ಅರ್ಥ. ತೆಳ್ಳಗಿರುವ ಎರಡು ಬಣ್ಣ ಒಂದರ ಪಕ್ಕ ಒಂದು ನಿಲ್ಲುವುದಿಲ್ಲ. ಸುರಿದ ರಭಸಕ್ಕೇ ಒಂದು ಇನ್ನೊಂದರೊಳಗೆ ನುಗ್ಗಿ, ತಿರುಗಿ, ಬೆರೆತು ಹೋಗುತ್ತವೆ.

ಎ (ರೆಸಿನ್) ಮತ್ತು ಬಿ (ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್) ಬೆರೆಸಿದ ಮೇಲೆ ಕಪ್‌ನಲ್ಲಿ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಇದು ಬೇಗ ಅರ್ಥವಾಗುತ್ತದೆ. ಹಾರ್ಡ್‌ನರ್ ಕೆಲಸ ಶುರು ಮಾಡಿದಾಗ ಬಿಸಿ ಹುಟ್ಟುತ್ತದೆ. ಆ ಬಿಸಿಗೆ ರೆಸಿನ್ ಮೊದಲು ಇನ್ನಷ್ಟು ತೆಳ್ಳಗಾಗುತ್ತದೆ. ಆಮೇಲೆ ಅಣುಗಳು ಒಂದಕ್ಕೊಂದು ಹೆಣೆದುಕೊಂಡಂತೆ ಮಂದವಾಗುತ್ತಾ ಬಂದು, ಕೊನೆಗೆ ಜೆಲ್ (ಹರಿಯದ ಮುದ್ದೆ) ಆಗುತ್ತದೆ. ಸುಳಿಗೆ ಬೇಕಾದ ಹೊತ್ತು ಇರುವುದು ಈ ಮಂದವಾಗುವ ಹಾದಿಯ ಕೊನೆಯಲ್ಲಿ, ಜೆಲ್‌ಗೆ ಸ್ವಲ್ಪ ಮುಂಚೆ. ಹೊಸಬರು ಪಾಟ್ ಲೈಫ್ (ಬೆರೆಸಿದ ಮೇಲೆ ಸುರಿಯಲು ಸಿಗುವ ಸಮಯ) ಮುಗಿದುಬಿಡುತ್ತದೆ ಅಂತ ಹೆದರಿ ಬೆರೆಸಿದ ಎರಡನೇ ನಿಮಿಷಕ್ಕೇ ಸುರಿಯುತ್ತಾರೆ. ಒಂದೇ ಬಣ್ಣದ ಎರಕಕ್ಕೆ ಅದು ಸರಿ. ಸುಳಿಗೆ ಅದೇ ಶತ್ರು.

ಹೊತ್ತು ಬಂದಿದೆ ಅಂತ ತಿಳಿಯುವುದು ಹೇಗೆ? ಎಪಾಕ್ಸಿಗೆ ನಾನು ನಂಬುವುದು ಕಡ್ಡಿಯನ್ನು. ಕಪ್‌ನಿಂದ ಕಡ್ಡಿ ಎತ್ತಿ ಹಿಡಿಯಿರಿ. ಹನಿ ಹನಿಯಾಗಿ ತೊಟ್ಟಿಕ್ಕಿದರೆ ಇನ್ನೂ ಕಾಯಿರಿ. ಎಳೆಯಾಗಿ ಇಳಿದು, ಕೆಳಗಿನ ರೆಸಿನ್ ಮೇಲೆ ಬಿದ್ದ ಜಾಗದಲ್ಲಿ ಸಣ್ಣ ಉಬ್ಬಾಗಿ ಒಂದೆರಡು ಸೆಕೆಂಡ್ ನಿಂತು, ಆಮೇಲೆ ಕರಗಿ ಮಟ್ಟವಾದರೆ ಅದೇ ಹೊತ್ತು. ಎಳೆ ಬಿದ್ದಲ್ಲೇ ಮಡಿಚಿ ಮಡಿಚಿ ಕೂತು ಕರಗದೇ ಉಳಿದರೆ ತಡವಾಯಿತು. ಈ ಮೂರು ಸ್ಥಿತಿಯನ್ನು ಒಂದು ಸಲ ಕಣ್ಣಲ್ಲಿ ನೋಡಿಕೊಂಡರೆ ಗಡಿಯಾರದ ಹಂಗು ತಪ್ಪುತ್ತದೆ.

ಪಾಲಿಯುರೆಥೇನ್‌ಗೆ ಕಡ್ಡಿ ಸಾಲದು. ಕಡ್ಡಿಯಲ್ಲಿ ಎಳೆ ಕಾಣುವಷ್ಟರಲ್ಲಿ ಕಪ್‌ನಲ್ಲೇ ಗಟ್ಟಿ ಕಟ್ಟಿರುತ್ತದೆ. ಅಲ್ಲಿ ಬೇಕಾಗುವುದು ಇನ್‌ಫ್ರಾರೆಡ್ ಥರ್ಮಾಮೀಟರ್. ಕಪ್‌ನ ಬಿಸಿ ಏರುತ್ತಾ ಹೋಗುವುದನ್ನು ನೋಡಿಕೊಂಡು ಸುರಿಯಬೇಕು. ಪೆನ್ ಬ್ಲಾಂಕ್ (ಪೆನ್ ಮಾಡಲು ಬಳಸುವ ತುಂಡು) ಎರಕ ಹೊಯ್ಯುವವರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲೋ ತಮ್ಮ ರೆಸಿನ್‌ಗೆ ಹೊಂದುವ ಅಂಕಿ ಕಂಡುಕೊಂಡಿರುತ್ತಾರೆ. ತಣ್ಣಗಿದ್ದಾಗ ಸುರಿದರೆ ಬಣ್ಣಗಳು ಜಾಸ್ತಿ ಬೆರೆಯುತ್ತವೆ, ಬಿಸಿಯಾದ ಮೇಲೆ ಸುರಿದರೆ ಗೆರೆ ಬಿಡಿ ಬಿಡಿಯಾಗಿ ನಿಲ್ಲುತ್ತದೆ. ಆದರೆ ಒಂದೆರಡು ಡಿಗ್ರಿ ಅತ್ತಿತ್ತ ಆದರೂ ಕಥೆ ಬದಲಾಗುತ್ತದೆ. ನಿಮ್ಮ ಡಬ್ಬಿಗೆ ನಿಮ್ಮದೇ ಅಂಕಿ ಹುಡುಕಿಕೊಳ್ಳಿ.

ಮಂದ ಸರಿಯಿದ್ದೂ ರಾಡಿಯಾದರೆ ಕೈ ನೋಡಿಕೊಳ್ಳಿ. ಎತ್ತರದಿಂದ ಸುರಿದ ಧಾರೆ ಕೆಳಗಿನ ಬಣ್ಣವನ್ನು ಸೀಳಿಕೊಂಡು ತಳಕ್ಕೆ ಹೋಗಿ ಅಲ್ಲಿ ಕಲಕುತ್ತದೆ. ಕಪ್‌ನ ಬಾಯಿಯನ್ನು ಮೋಲ್ಡ್‌ಗೆ ಹತ್ತಿರ ಹಿಡಿದು, ಗೋಡೆಯ ಗುಂಟ ಇಳಿಬಿಟ್ಟರೆ ಬಣ್ಣ ಮೇಲೆ ಮೇಲೆ ಹಾಸಿಕೊಳ್ಳುತ್ತದೆ. ಆಮೇಲೆ ಕಡ್ಡಿ ಆಡಿಸುವ ಚಪಲ. ಒಂದು ಸಲ ಎಂಟರ ಆಕಾರದಲ್ಲಿ ಎಳೆದರೆ ಚಂದ. ಎರಡನೇ ಸಲವೂ ಪರವಾಗಿಲ್ಲ. ಮೂರನೇ ಸಲಕ್ಕೆ ಗೆರೆಗಳು ಕೂದಲೆಳೆಯಷ್ಟು ಸಣ್ಣಗಾಗಿ, ಕಣ್ಣಿಗೆ ಒಂದೇ ಬಣ್ಣವಾಗಿ ಕಾಣುತ್ತವೆ. ರೆಸಿನ್ ಗಟ್ಟಿಯಾಗುವವರೆಗೂ ತಾನೇ ಇನ್ನಷ್ಟು ಹರಿದಾಡುತ್ತದೆ ಅನ್ನುವುದು ನೆನಪಿರಲಿ. ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ಮುಂಚೆಯೇ ಕೈ ತೆಗೆಯಬೇಕು.

ಕಪ್‌ಗಳು ಒಂದೇ ಸಮ ಇರಲಿಲ್ಲವೇ?

ಒಂದು ಬಣ್ಣ ಚೆನ್ನಾಗಿ ಗೆರೆ ಬಿಟ್ಟಿದೆ, ಇನ್ನೊಂದು ಮಾತ್ರ ಎಲ್ಲಕ್ಕೂ ಹಬ್ಬಿಕೊಂಡಿದೆ ಅಂದರೆ ಎರಡರ ಮಂದ ಬೇರೆ ಬೇರೆ ಇತ್ತು. ಇದಕ್ಕೆ ಬೇರು ಸಾಮಾನ್ಯವಾಗಿ ಬೆರೆಸಿದ ಕ್ರಮದಲ್ಲಿರುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಬೇರೆಯಾಗಿ ಎ, ಬಿ ಅಳೆದು ಬೆರೆಸಿದರೆ ಮೊದಲ ಕಪ್ ಹಳೆಯದು, ಕೊನೆಯ ಕಪ್ ಹೊಸದು. ನಡುವೆ ಹತ್ತು ನಿಮಿಷ ಹೋಗಿರುತ್ತದೆ.

ಇಡೀ ರೆಸಿನ್ ಅನ್ನು ಒಂದೇ ದೊಡ್ಡ ಕಪ್‌ನಲ್ಲಿ ಬೆರೆಸಿ, ಆಮೇಲೆ ಸಣ್ಣ ಕಪ್‌ಗಳಿಗೆ ಹಂಚಿ ಬಣ್ಣ ಹಾಕಿ. ಎಲ್ಲದಕ್ಕೂ ಒಂದೇ ವಯಸ್ಸು, ಒಂದೇ ಅಳತೆ. ಸಣ್ಣ ಪ್ರಮಾಣವನ್ನು ಬೇರೆ ಬೇರೆ ಅಳೆಯುವಾಗ ಆಗುವ ತಪ್ಪೂ ತಪ್ಪುತ್ತದೆ. ಪಾಟ್ ಲೈಫ್ ತೀರಾ ಕಡಿಮೆ ಇರುವ ಪಾಲಿಯುರೆಥೇನ್‌ನಲ್ಲಿ ಹಂಚಿದ ಮೇಲೆ ಬಣ್ಣ ಕಲಕಲು ಸಮಯ ಸಿಗುವುದಿಲ್ಲ. ಆಗ ಎ ಭಾಗವನ್ನು ಮೊದಲೇ ಕಪ್‌ಗಳಿಗೆ ಹಂಚಿ, ಬಣ್ಣ ಕಲಸಿಟ್ಟುಕೊಂಡು, ಕೊನೆಗೆ ಎಲ್ಲಕ್ಕೂ ಬಿ ಸೇರಿಸುವುದು ವಾಸಿ.

ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹಂಚಿದ ಮೇಲೂ ಕಪ್‌ಗಳು ಒಂದೇ ವೇಗದಲ್ಲಿ ಮಂದವಾಗುವುದಿಲ್ಲ. ರೆಸಿನ್ ಜಾಸ್ತಿ ಇರುವ ಕಪ್‌ನಲ್ಲಿ ಬಿಸಿ ಹೊರಗೆ ಹೋಗದೆ ಉಳಿಯುತ್ತದೆ, ಅದು ಬೇಗ ಹಿಡಿಯುತ್ತದೆ. ಸ್ವಲ್ಪವೇ ಇರುವ ಕಪ್ ತಣ್ಣಗಿದ್ದು ತೆಳ್ಳಗೇ ಇರುತ್ತದೆ. ನೂರು ಗ್ರಾಂ ನೀಲಿ, ಹತ್ತು ಗ್ರಾಂ ಬಿಳಿ ಇಟ್ಟುಕೊಂಡರೆ ನೀಲಿ ಎಳೆ ಬಿಡುವ ಹೊತ್ತಿಗೂ ಬಿಳಿ ಹನಿ ಹನಿಯಾಗೇ ಇರುತ್ತದೆ. ಬಿಳಿ ಗೆರೆ ಎಳೆಯಲು ಹೋದರೆ ಅದು ನೀಲಿ ಮೇಲೆ ಹರಡಿ ಮಂಜಾಗುತ್ತದೆ. ಪರಿಹಾರ ಸುಲಭ: ಜಾಸ್ತಿ ಇರುವ ಬಣ್ಣವನ್ನು ಎರಡು ಮೂರು ಕಪ್‌ಗಳಾಗಿ ಒಡೆಯಿರಿ, ಅಥವಾ ಅಗಲ ಬಾಯಿಯ ಪಾತ್ರೆಗೆ ತೆಳ್ಳಗೆ ಹರಡಿ. ಕಡಿಮೆ ಇರುವ ಕಪ್ ಅನ್ನು ಸ್ವಲ್ಪ ಬೆಚ್ಚಗಿನ ಜಾಗದಲ್ಲಿಡಿ. ಬಿಸಿ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಹಾಗಾಗಿ "ಸ್ವಲ್ಪ ಬೆಚ್ಚಗೆ" ಅಂದರೆ ಸ್ವಲ್ಪವೇ.

ಬಣ್ಣದ್ದೇ ತಪ್ಪು ಇರುವ ಸಂದರ್ಭಗಳು

ಇವೂ ಇವೆ. ಎರಡು ಬಣ್ಣ ತಾಗುವ ಅಂಚಿನಲ್ಲಿ ಸಣ್ಣದಾಗಿ ಮೂರನೇ ಬಣ್ಣ ಹುಟ್ಟಿಯೇ ಹುಟ್ಟುತ್ತದೆ, ಎಷ್ಟೇ ಹುಷಾರಾಗಿ ಸುರಿದರೂ. ನೀಲಿ ಮತ್ತು ಹಳದಿ ಆದರೆ ಅಲ್ಲಿ ಹಸಿರು, ನೋಡಲು ಚಂದ. ಕೆಂಪು ಮತ್ತು ಹಸಿರು, ನೀಲಿ ಮತ್ತು ಕೇಸರಿ, ಹಳದಿ ಮತ್ತು ನೇರಳೆ ಆದರೆ ಅಂಚಿನಲ್ಲಿ ಕಂದು. ಇಂಥ ಜೋಡಿ ಬೇಕೇ ಬೇಕು ಅಂದರೆ ನಡುವೆ ಬಿಳಿ, ಬೆಳ್ಳಿ ಅಥವಾ ಬಣ್ಣವಿಲ್ಲದ ರೆಸಿನ್‌ನ ಒಂದು ಧಾರೆ ಬಿಡಿ. ಬೆರೆಯುವುದಿದ್ದರೂ ಅದರ ಜೊತೆ ಬೆರೆಯುತ್ತದೆ.

ಕಪ್ಪು ಮತ್ತು ಥ್ಯಾಲೋ ನೀಲಿ (ಒಂದು ಬಗೆಯ ಗಾಢ ನೀಲಿ ಪಿಗ್ಮೆಂಟ್) ಬಗ್ಗೆ ಎಚ್ಚರ. ಇವುಗಳ ಬಣ್ಣದ ಬಲ ವಿಪರೀತ. ಸಮ ಸಮ ಹಾಕಿದರೆ ಉಳಿದದ್ದನ್ನೆಲ್ಲ ನುಂಗಿಬಿಡುತ್ತವೆ. ಕಪ್ಪು ಗೆರೆಗೆ ಸಾಕಾಗುವಷ್ಟೇ ಇರಲಿ.

ಕೆಲವೊಮ್ಮೆ ಸುಳಿ ಇದ್ದೂ ಕಾಣುವುದಿಲ್ಲ. ಬಣ್ಣಗಳು ಬೆರೆತಿಲ್ಲ, ಆದರೂ ತುಂಡು ಮಂಕಾಗಿ ಕಾಣುತ್ತದೆ. ಇದನ್ನು ಸುರಿಯುವ ಮುಂಚೆಯೇ ಹಿಡಿಯಬಹುದು. ಬಣ್ಣ ಹಾಕಿದ ಕಪ್‌ಗಳನ್ನು ಸಾಲಾಗಿಟ್ಟು ಫೋನ್‌ನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಎರಡು ಕಪ್ ಒಂದೇ ಬೂದು ಬಣ್ಣವಾಗಿ ಕಂಡರೆ ಆ ಎರಡರ ನಡುವಿನ ಸುಳಿ ದೂರದಿಂದ ಅಷ್ಟಾಗಿ ಎದ್ದು ಕಾಣುವುದಿಲ್ಲ. ಒಂದನ್ನು ತಿಳಿ ಮಾಡಿ ಅಥವಾ ಇನ್ನೊಂದನ್ನು ಗಾಢ ಮಾಡಿ.

ಪಾರದರ್ಶಕ ಡೈಗಳಲ್ಲಿ ಇನ್ನೊಂದು ಮೋಸ. ನೀಲಿ ಪದರದ ಹಿಂದೆ ಹಳದಿ ಪದರ ಇದ್ದರೆ ಮುಂದಿನಿಂದ ನೋಡಿದವರಿಗೆ ಹಸಿರೇ. ಬೆರೆತಂತೆ ಕಾಣುತ್ತದೆ, ಬೆರೆತಿರುವುದಿಲ್ಲ. ತುಂಡನ್ನು ಪಕ್ಕಕ್ಕೆ ತಿರುಗಿಸಿ ಬೆಳಕಿಗೆ ಹಿಡಿದರೆ ಪದರ ಬೇರೆ ಬೇರೆ ಕಂಡುಬಿಡುತ್ತದೆ. ಮುಂದಿನ ಸಲ ಎರಡರಲ್ಲಿ ಒಂದಕ್ಕಾದರೂ ಬೆಳಕು ತಡೆಯುವ ಪಿಗ್ಮೆಂಟ್ ಹಾಕಿ. ಡೈ ಮತ್ತು ಆಲ್ಕೋಹಾಲ್ ಇಂಕ್ ರೆಸಿನ್‌ನಲ್ಲಿ ಕರಗುವಂಥವು. ರೆಸಿನ್ ದ್ರವವಾಗಿರುವಷ್ಟು ಹೊತ್ತೂ ಅಂಚು ದಾಟಿ ಹರಡುತ್ತಲೇ ಇರುತ್ತವೆ. ಚೂಪು ಗೆರೆ ಬೇಕಿದ್ದರೆ ಪಿಗ್ಮೆಂಟ್ ಪೇಸ್ಟ್ ಅಥವಾ ಮೈಕಾ ಪೌಡರ್ ವಾಸಿ.

ಮೈಕಾ ಅಂದರೆ ಪುಟ್ಟ ಪುಟ್ಟ ಹಾಳೆಗಳು. ರೆಸಿನ್ ಹರಿದ ದಿಕ್ಕಿಗೆ ಅವು ತಿರುಗಿ ಕೂರುತ್ತವೆ. ಅದಕ್ಕೇ ಒಂದೇ ಬಣ್ಣದ ಮೈಕಾದಲ್ಲೂ ಹರಿವಿನ ಗೆರೆ ಹೊಳೆಯುತ್ತದೆ. ಆದರೆ ಎಲ್ಲ ಕಪ್‌ಗೂ ಮೈಕಾ ಹಾಕಿದರೆ ಎಲ್ಲವೂ ಹೊಳೆದು, ಯಾವ ಅಂಚೂ ಎದ್ದು ಕಾಣುವುದಿಲ್ಲ. ಒಂದು ಬಣ್ಣವನ್ನಾದರೂ ಹೊಳಪಿಲ್ಲದ ಪೇಸ್ಟ್‌ನಲ್ಲಿ ಮಾಡಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ರಾತ್ರಿ ಇತ್ತು, ಬೆಳಿಗ್ಗೆ ಇಲ್ಲ

ಫೋಟೋದಲ್ಲಿ ಸುಳಿ ಸೊಗಸಾಗಿದೆ, ಮೋಲ್ಡ್‌ನಲ್ಲಿ ಇಲ್ಲ. ಅಂದರೆ ನೀವು ಹೋದ ಮೇಲೆ ರೆಸಿನ್ ಚಲಿಸಿದೆ. ಇದಕ್ಕೆ ಮೂರು ಕಾರಣ ಹುಡುಕಿ.

ಮೊದಲನೆಯದು ಬಿಸಿ. ದಪ್ಪ ಎರಕದ ನಡುಭಾಗ ಬಿಸಿಯಾಗುತ್ತದೆ, ಗೋಡೆ ಕಡೆ ತಣ್ಣಗಿರುತ್ತದೆ. ಬಿಸಿಯಾದದ್ದು ಹಗುರಾಗಿ ಮೇಲೇಳುತ್ತದೆ, ತಣ್ಣಗಿರುವುದು ಗೋಡೆ ಗುಂಟ ಇಳಿಯುತ್ತದೆ. ಒಳಗೇ ಒಂದು ಸುತ್ತು ಶುರುವಾಗಿ ನಿಮ್ಮ ಗೆರೆಗಳನ್ನೆಲ್ಲ ಉಜ್ಜಿಹಾಕುತ್ತದೆ. ಗುರುತು ಏನೆಂದರೆ, ನಡುವೆ ಬಣ್ಣ ಮಸುಕು, ಅಂಚಿನಲ್ಲಿ ಮಾತ್ರ ಗೆರೆ ಉಳಿದಿರುತ್ತದೆ. ದಪ್ಪ ಕಡಿಮೆ ಮಾಡಿ, ಅಥವಾ ಎರಡು ಸಲವಾಗಿ ಹೊಯ್ಯಿರಿ, ಅಥವಾ ಇನ್ನೂ ಮಂದವಾದ ಮೇಲೆ ಸುರಿಯಿರಿ.

ದಪ್ಪ ಎರಕಕ್ಕೆಂದೇ ಬರುವ ನಿಧಾನದ ಎಪಾಕ್ಸಿಯಲ್ಲಿ ಈ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಅದು ಬಿಸಿಯಾಗುವುದು ಕಡಿಮೆ, ಆದರೆ ಗಂಟೆಗಟ್ಟಲೆ ತೆಳ್ಳಗೇ ಇರುತ್ತದೆ. ಸುರಿದ ಕೂಡಲೇ ಎಬ್ಬಿಸಿದ ಸುಳಿ ಅದರಲ್ಲಿ ನಿಲ್ಲಲು ಸಾಧ್ಯವೇ ಇಲ್ಲ. ಮೇಜಿನ ಹಲಗೆಗಳ ನಡುವೆ ನದಿಯಂತೆ ರೆಸಿನ್ ಹೊಯ್ಯುವವರು ಮಾಡುವ ಕೆಲಸ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಸುರಿದು ಬಿಟ್ಟುಬಿಡಿ, ಕೆಲವು ಗಂಟೆ ಬಿಟ್ಟು ಮಂದವಾಗುತ್ತಿದೆ ಅನ್ನಿಸಿದಾಗ ಮತ್ತೆ ಬಂದು ಕಡ್ಡಿ ಎಳೆಯಿರಿ. ಆಗ ಎಳೆದದ್ದು ನಿಲ್ಲುತ್ತದೆ.

ಎರಡನೆಯದು ತೂಕ. ರೆಸಿನ್‌ನ ಸಾಂದ್ರತೆ ನೀರಿಗಿಂತ ತುಸು ಜಾಸ್ತಿ, ಸುಮಾರು 1.1. ಮೈಕಾದ್ದು ಹತ್ತಿರ ಹತ್ತಿರ 3. ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್‌ನದ್ದು 4 ದಾಟುತ್ತದೆ. ಸುಮ್ನೆ ಬಿಟ್ಟರೆ ಇವು ಕೆಳಗೇ ಇಳಿಯುವುದು. ತೆಳ್ಳಗಿನ ರೆಸಿನ್‌ನಲ್ಲಿ ಬೇಗ, ಮಂದವಾದದ್ದರಲ್ಲಿ ನಿಧಾನ. ಬಿಳಿ ಗೆರೆ ಮೇಲಿಂದ ಮಾಯವಾಗಿ ತಳದಲ್ಲಿ ಕಂಡರೆ ಇದೇ ಕಾರಣ. ಮುಂಚೆ ಹೇಳಿದ ಕಪ್‌ನ ಬಿಲ್ಲೆ ಕತ್ತರಿಸಿ ನೋಡಿದರೆ ಅಲ್ಲೂ ಅದೇ ಗುರುತು ಸಿಗುತ್ತದೆ.

ಮೂರನೆಯದು ಅಲುಗಾಟ. ಸಿಲಿಕೋನ್ ಮೋಲ್ಡ್‌ಗೆ ಸುರಿದು, ಅದನ್ನು ಎತ್ತಿ ಕಪಾಟಿಗೆ ಇಟ್ಟರೆ ಅದು ನಡುವೆ ಬಾಗಿ ಒಳಗಿನದನ್ನೆಲ್ಲ ಒಂದು ಕಡೆಗೆ ನೂಕುತ್ತದೆ. ಸುರಿಯುವ ಮುಂಚೆಯೇ ಗಟ್ಟಿ ಹಲಗೆ ಮೇಲಿಡಿ. ಹಲಗೆ ಮಟ್ಟವಾಗಿದೆಯಾ ಅಂತ ರಸಮಟ್ಟ ಇಟ್ಟು ನೋಡಿ. ಸ್ವಲ್ಪವೇ ಓರೆ ಇದ್ದರೂ ರಾತ್ರಿಯಿಡೀ ಬಣ್ಣ ಅದೇ ಕಡೆಗೆ ಜಾರುತ್ತದೆ.

ಬಿಸಿಯ ಮಾತು ಬಂದಾಗ ಹೇಳಿಬಿಡುತ್ತೇನೆ. ಕಪ್‌ನಲ್ಲಿ ಜಾಸ್ತಿ ರೆಸಿನ್ ಉಳಿದು ಬಿಸಿಯೇರಿ ಹೊಗೆ ಬರಲು ಶುರುವಾದರೆ ಮುಟ್ಟಿ ನೋಡುವ, ಮೂಸಿ ನೋಡುವ ಕೆಲಸ ಬೇಡ. ಉಪಾಯವಾಗಿ ಹೊರಗೆ ಬಯಲಲ್ಲಿ, ಕಲ್ಲು ಅಥವಾ ಕಾಂಕ್ರೀಟ್ ಮೇಲೆ ಇಡಿ. ಕಾಗದ, ಬಟ್ಟೆ ಇರುವ ಕಸದ ಬುಟ್ಟಿಗೆ ಹಾಕಲೇಬಾರದು. ಹೊತ್ತು ನೋಡಿಕೊಂಡು ತಡವಾಗಿ ಸುರಿಯುವವರಿಗೆ ಇದು ಒಂದು ದಿನ ಎದುರಾಗುತ್ತದೆ.

ಬಣ್ಣ ಬೆರೆತೇ ಇಲ್ಲ, ಬಿರುಕು ಬಿಟ್ಟಿದೆ

ಇದು ಎದುರು ಕಡೆಯ ತಪ್ಪು. ಗೆರೆಗಳು ಚೂಪಾಗಿವೆ, ಆದರೆ ಅಂಚಿನ ಗುಂಟ ಮಡಿಕೆ ಇದೆ, ಮಡಿಕೆಯೊಳಗೆ ಗಾಳಿ ಸಿಕ್ಕಿಕೊಂಡಿದೆ. ತಟ್ಟಿದರೆ ಆ ಗೆರೆಯಲ್ಲೇ ತುಂಡು ಬಿಟ್ಟುಕೊಳ್ಳುತ್ತದೆ. ಲೇಥ್ (ತುಂಡನ್ನು ತಿರುಗಿಸಿ ಕೆತ್ತುವ ಯಂತ್ರ) ಮೇಲೆ ಹಾಕಿದರಂತೂ ಕೇಳುವುದೇ ಬೇಡ. ಯಾವುದೋ ಒಂದು ಕಪ್ ಜೆಲ್ ಆದ ಮೇಲೆ ಸುರಿದಿದ್ದೀರಿ. ಅಂಟು ಅಂಟಾಗಿರುವಾಗ ಮೇಲೆ ಸುರಿದರೆ ಎರಡೂ ರಾಸಾಯನಿಕವಾಗಿ ಕೂಡಿಕೊಳ್ಳುತ್ತವೆ. ಗಟ್ಟಿಯಾದ ಮೇಲೆ ಸುರಿಯಬೇಕಾಗಿ ಬಂದರೆ ಮೇಲ್ಮೈಯನ್ನು 120 ಗ್ರಿಟ್ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಧೂಳು ಒರೆಸಿ, ಆಮೇಲೆ ಸುರಿಯಬೇಕು. ನುಣುಪು ಮೇಲ್ಮೈಗೆ ಹೊಸ ರೆಸಿನ್ ಹಿಡಿಯುವುದಿಲ್ಲ.

ಒಂದು ಗೆರೆ ಮಾತ್ರ ಮೆತ್ತಗೆ

ಎಲ್ಲವನ್ನೂ ಒಂದೇ ಕಪ್‌ನಲ್ಲಿ ಬೆರೆಸಿ ಹಂಚಿದ್ದರೆ ಎ ಮತ್ತು ಬಿ ಅಳತೆ ಮೇಲೆ ಅನುಮಾನ ಬೇಡ. ಬಣ್ಣ ಜಾಸ್ತಿಯಾಗಿದೆ. ಒಟ್ಟು ತೂಕದ ನೂರಕ್ಕೆ ಐದು ಆರು ಭಾಗ ದಾಟಿದರೆ ಬಹಳಷ್ಟು ರೆಸಿನ್‌ಗಳು ಸರಿಯಾಗಿ ಕ್ಯೂರ್ ಆಗುವುದಿಲ್ಲ. ಆಲ್ಕೋಹಾಲ್ ಇಂಕ್‌ನದ್ದು ಅದಕ್ಕಿಂತಲೂ ಕಡಿಮೆಯಲ್ಲೇ ತೊಂದರೆ. ನೀರಿನ ಅಕ್ರಿಲಿಕ್ ಪೇಂಟ್ ಹಾಕಿದ್ದರೆ ಎಪಾಕ್ಸಿ ಮಸುಕಾಗುತ್ತದೆ, ಪಾಲಿಯುರೆಥೇನ್ ನೊರೆ ಬಂದು ಉಬ್ಬುತ್ತದೆ. ಒಂದೇ ಬಣ್ಣದ ಗೆರೆಯಲ್ಲಿ ಮಾತ್ರ ಸ್ಪಂಜಿನಂತೆ ತೂತು ತೂತು ಇದ್ದರೆ ಆ ಪೌಡರ್ ತೇವ ಎಳೆದುಕೊಂಡಿದೆ ಅಂತ ತಿಳಿಯಿರಿ.

ಮೆತ್ತಗಿನ ಜಾಗ ಬಣ್ಣದ ಗುಂಟ ಇಲ್ಲದೆ, ಕೊನೆಗೆ ಸುರಿದ ಕಡೆ ಪಟ್ಟಿಯಾಗಿ ಇದ್ದರೆ ಕಾರಣ ಬೇರೆ. ಕಪ್‌ನ ಗೋಡೆಗೆ ಅಂಟಿದ್ದ, ಸರಿಯಾಗಿ ಬೆರೆಯದ ರೆಸಿನ್ ಅನ್ನು ಕಡ್ಡಿಯಿಂದ ಕೆರೆದು ಹಾಕಿದ್ದೀರಿ. ಬೆರೆಸುವಾಗ ಗೋಡೆ, ತಳ ಕೆರೆಯಿರಿ. ಸುರಿಯುವಾಗ ಕೆರೆಯಬೇಡಿ. ಎಲ್ಲ ಕಪ್‌ಗಳೂ ಮೆತ್ತಗಿದ್ದರೆ ಅಳತೆ ನೋಡಿ. 2:1 ಅಂತ ಬರೆದಿರುವುದು ಗಾತ್ರಕ್ಕೋ ತೂಕಕ್ಕೋ ಅನ್ನುವುದು ಮುಖ್ಯ. ಎಪಾಕ್ಸಿಯಲ್ಲಿ ಹಾರ್ಡ್‌ನರ್ ಸಾಮಾನ್ಯವಾಗಿ ರೆಸಿನ್‌ಗಿಂತ ಹಗುರ, ಎರಡೂ ಲೆಕ್ಕ ಒಂದೇ ಅಲ್ಲ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕುವುದರಿಂದ ಏನೂ ಲಾಭವಿಲ್ಲ, ಹೆಚ್ಚಾದದ್ದು ಒಳಗೇ ಉಳಿದು ಮೆತ್ತಗಿಡುತ್ತದೆ.

ಗುಳ್ಳೆ ತೆಗೆಯಲು ಹೋಗಿ ಸುಳಿ ಕೆಡಿಸಿದ್ದು

ಮಂದವಾದ ರೆಸಿನ್‌ನಲ್ಲಿ ಗುಳ್ಳೆ ಮೇಲೆ ಬರುವುದಿಲ್ಲ. ಇದು ಈ ಕೆಲಸದ ದೊಡ್ಡ ತಲೆನೋವು, ಸುಳಿಗೆ ಮಂದ ಬೇಕು, ಗುಳ್ಳೆ ಹೋಗಲು ತೆಳು ಬೇಕು. ಗ್ಯಾಸ್ ಬೆಂಕಿಯ ಟಾರ್ಚ್ ಹಿಡಿಯುವುದು ನನಗೆ ಇಷ್ಟವಿಲ್ಲ. ಮೇಲಿನ ಗುಳ್ಳೆ ಹೋಗುತ್ತದೆ ನಿಜ, ಆದರೆ ಬಿಸಿ ತಾಗಿದಲ್ಲಿ ರೆಸಿನ್ ತೆಳ್ಳಗಾಗಿ ಬಣ್ಣ ಹರಿಯುತ್ತದೆ. ಟಾರ್ಚ್ ಓಡಾಡಿದ ದಾರಿಯಲ್ಲೇ ಗೆರೆ ಮಸುಕಾಗಿದ್ದರೆ ಅನುಮಾನವೇ ಬೇಡ.

ಸುರಿದ ಮೇಲೆ ಮೋಲ್ಡ್ ಸಮೇತ ವ್ಯಾಕ್ಯೂಮ್ ಚೇಂಬರ್‌ಗೆ (ಒಳಗಿನ ಗಾಳಿ ಹೀರುವ ಡಬ್ಬ) ಇಟ್ಟರೆ ಇನ್ನೂ ಕಷ್ಟ. ಗುಳ್ಳೆಗಳು ಉಬ್ಬಿ, ನೊರೆಯಾಗಿ ಎದ್ದು, ಒಡೆಯುವಾಗ ಬಣ್ಣಗಳನ್ನೆಲ್ಲ ಕದಡುತ್ತವೆ. ವ್ಯಾಕ್ಯೂಮ್ ಮಾಡುವುದಿದ್ದರೆ ಬಣ್ಣ ಹಂಚುವ ಮುಂಚೆ, ದೊಡ್ಡ ಕಪ್‌ನಲ್ಲೇ ಮಾಡಿ. ಅದಿಲ್ಲದಿದ್ದರೆ ಬೆರೆಸಿದ ಮೇಲೆ ತೆಳ್ಳಗಿರುವಾಗಲೇ ಕೆಲವು ನಿಮಿಷ ಬಿಡಿ, ಗುಳ್ಳೆ ತಾನಾಗಿ ಏಳುತ್ತದೆ. ಹೇಗೂ ಮಂದವಾಗಲು ಕಾಯಬೇಕಲ್ಲ, ಆ ಹೊತ್ತು ಇದಕ್ಕೇ ಆಗುತ್ತದೆ. ಬಣ್ಣ ಕಲಸುವಾಗ ಕಡ್ಡಿಯನ್ನು ನಿಧಾನವಾಗಿ ಆಡಿಸಿ.

ಪ್ರೆಶರ್ ಪಾಟ್ (ಗಾಳಿ ತುಂಬಿ ಒತ್ತಡ ಕೊಡುವ ಪಾತ್ರೆ) ಇದ್ದರೆ ಸುಳಿಗೆ ಅದೇ ಒಳ್ಳೆಯದು. 40ರಿಂದ 60 ಪಿಎಸ್‌ಐ ಒತ್ತಡಕ್ಕೆ ಗುಳ್ಳೆಗಳು ಕಾಣದಷ್ಟು ಕುಗ್ಗುತ್ತವೆ, ಬಣ್ಣ ಅಲುಗುವುದಿಲ್ಲ. ರೆಸಿನ್ ಪೂರ್ತಿ ಗಟ್ಟಿಯಾಗುವವರೆಗೆ ಒತ್ತಡ ಬಿಡಬಾರದು, ಬಿಟ್ಟರೆ ಮತ್ತೆ ಉಬ್ಬುತ್ತವೆ. ಆ ಒತ್ತಡಕ್ಕೆಂದೇ ಮಾಡಿದ, ಸೇಫ್ಟಿ ವಾಲ್ವ್ ಇರುವ ಪಾಟ್ ಮಾತ್ರ ಬಳಸಿ.

ಕತ್ತರಿಸಿದ ಮೇಲೆ ಗೊತ್ತಾದದ್ದು

ಮೇಲ್ಭಾಗ ನೋಡಿ ಖುಷಿಪಟ್ಟು, ಮೋಲ್ಡ್ ಬಿಡಿಸಿದಾಗ ನಿರಾಸೆಯಾಯಿತೇ? ಬಹಳಷ್ಟು ಮೋಲ್ಡ್‌ಗಳಲ್ಲಿ ಕೊನೆಗೆ ಎದುರಿಗೆ ಕಾಣುವುದು ತಳದ ಮುಖ. ಮೊದಲು ಸುರಿದ ಬಣ್ಣವೇ ಅಲ್ಲಿ ಹಾಸಿಕೊಂಡಿರುತ್ತದೆ. ಒಂದೇ ಬಣ್ಣದಿಂದ ಶುರು ಮಾಡಿದರೆ ಎದುರಿಗೆ ಒಂದೇ ಬಣ್ಣದ ಮಚ್ಚೆ. ಮೊದಲ ಧಾರೆಯೇ ಎರಡು ಮೂರು ಬಣ್ಣದ್ದಾಗಿರಲಿ. ಲೇಥ್‌ನಲ್ಲಿ ತಿರುಗಿಸುವ ತುಂಡಾದರೆ ಹೊರಗಿನ ಸುಳಿ ಎಲ್ಲ ಚೂರಾಗಿ ಉದುರಿಹೋಗಿ, ಉಳಿಯುವುದು ಒಳಗಿನದು. ಅಲ್ಲಿ ಮೇಲ್ಮೈ ಕಡ್ಡಿಯಾಟಕ್ಕೆ ಬೆಲೆಯಿಲ್ಲ. ಸುರಿಯುವಾಗಲೇ ಬಣ್ಣ ಒಳಗೆಲ್ಲ ಹೆಣೆದುಕೊಳ್ಳಬೇಕು. ತಿರುಗಿಸುವಾಗ, ಉಜ್ಜುವಾಗ ಧೂಳಿಗೆ ಮಾಸ್ಕ್ ಹಾಕಿಕೊಳ್ಳಿ.

ನಿಮ್ಮ ರೆಸಿನ್‌ನ ಹೊತ್ತು ಹುಡುಕಲು

ಎರಡು ಬಣ್ಣ ಸಾಕು, ಕಪ್ಪು ಮತ್ತು ಬಿಳಿ. ಒಂದೇ ಸಲ ಬೆರೆಸಿ, ಎರಡಾಗಿ ಹಂಚಿ, ಸಾಲಾಗಿ ಸಣ್ಣ ಮೋಲ್ಡ್ ಇಟ್ಟುಕೊಳ್ಳಿ. ಎಪಾಕ್ಸಿ ಆದರೆ ಐದೈದು ನಿಮಿಷಕ್ಕೆ ಒಂದು ಮೋಲ್ಡ್‌ಗೆ ಎರಡನ್ನೂ ಸ್ವಲ್ಪ ಸ್ವಲ್ಪ ಸುರಿಯುತ್ತಾ ಹೋಗಿ. ಪ್ರತಿ ಸಲ ಕಡ್ಡಿ ಎತ್ತಿ ಎಳೆ ಹೇಗೆ ಬೀಳುತ್ತದೆ ನೋಡಿ, ಕಪ್‌ನ ಬಿಸಿ ನೋಡಿ, ಬರೆದುಕೊಳ್ಳಿ. ಗಟ್ಟಿಯಾದ ಮೇಲೆ ಎಲ್ಲವನ್ನೂ ಅಡ್ಡ ಕತ್ತರಿಸಿ ಸಾಲಾಗಿಟ್ಟರೆ ಬೂದು ರಾಡಿಯಿಂದ ಶುರುವಾಗಿ, ಸುಳಿ ಬಂದು, ಕೊನೆಗೆ ಮಡಿಕೆ ಬಿದ್ದ ತುಂಡಿನವರೆಗೆ ಪೂರ್ತಿ ದಾರಿ ಕಣ್ಣೆದುರು ಇರುತ್ತದೆ. ನಿಮಿಷದ ಲೆಕ್ಕವನ್ನು ಮಾತ್ರ ದೊಡ್ಡ ಎರಕಕ್ಕೆ ಹಾಗೇ ಒಯ್ಯಬೇಡಿ. ಅಲ್ಲಿ ರೆಸಿನ್ ಜಾಸ್ತಿ, ಬಿಸಿ ಜಾಸ್ತಿ, ಹೊತ್ತು ಬೇಗ ಬರುತ್ತದೆ. ಒಯ್ಯಬೇಕಾದ್ದು ಎಳೆಯ ನಡತೆ ಮತ್ತು ಬಿಸಿಯ ಅಂಕಿ.

ಕೆಟ್ಟುಹೋದದ್ದನ್ನು ಏನು ಮಾಡುವುದು?

ಇನ್ನೂ ದ್ರವವಾಗಿದ್ದರೆ ಕಲಕುವುದನ್ನು ಅಲ್ಲಿಗೇ ನಿಲ್ಲಿಸಿ. ಬೆರೆತದ್ದು ಬಿಡಿಸಿಕೊಳ್ಳುವುದಿಲ್ಲ. ಆ ರಾಡಿ ಬಣ್ಣವನ್ನೇ ಹಿನ್ನೆಲೆ ಅಂದುಕೊಂಡು, ಮಂದವಾಗುವವರೆಗೆ ಕಾದು, ಬಿಳಿ ಅಥವಾ ಚಿನ್ನದ ಮೈಕಾದ ಒಂದೆರಡು ಧಾರೆ ಎಳೆಯಿರಿ. ಕಂದು ಮೇಲೆ ಚಿನ್ನ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ.

ಗಟ್ಟಿಯಾಗಿಬಿಟ್ಟಿದ್ದರೆ ಗರಗಸದಲ್ಲಿ ಸಣ್ಣ ತುಂಡು ಮಾಡಿ, ಎಲ್ಲ ಮುಖವನ್ನೂ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸಿ. ಹೊಸ ಮೋಲ್ಡ್‌ನಲ್ಲಿ ಹರಡಿ, ನಡುವೆ ಬೇರೆ ಬಣ್ಣದ ರೆಸಿನ್ ಸುರಿಯಿರಿ. ಈ ಸಲ ರೆಸಿನ್ ತೆಳ್ಳಗಿರುವಾಗಲೇ ಸುರಿಯಬೇಕು, ಸಂದಿಗೊಂದಿಗೆಲ್ಲ ಇಳಿಯಲು. ತುಂಡುಗಳು ತೇಲುವಂತಿದ್ದರೆ ಮೊದಲು ತಳಕ್ಕೆ ಒಂದು ತೆಳು ಪದರ ಸುರಿದು, ಅದು ಅಂಟು ಅಂಟಾಗಿರುವಾಗ ತುಂಡುಗಳನ್ನು ಅದರ ಮೇಲೆ ಕೂರಿಸಿ, ಉಳಿದದ್ದನ್ನು ಆಮೇಲೆ ಸುರಿಯಿರಿ.